ಊರಿಗೆ ಕೇಳುವ ಬೇಸ್, ಡ್ರೈವರಿಗೆ ಕೇಳದ ಹಾಡು

ದಿಬ್ಬೂರಹಳ್ಳಿಯ ರಸ್ತೆಯಲ್ಲಿ ಪಿಕಪ್ ಗಾಡಿ ಬರುತ್ತಿದೆ ಎಂಬ ಸುದ್ದಿ ಮನುಷ್ಯರ ಕಣ್ಣಿಗಿಂತ ಮೊದಲು ಅಂಗಡಿಯ ತಗಡಿನ ಶೀಟಿಗೆ ಮುಟ್ಟುತ್ತದೆ. ಧಬ್, ಧಬ್, ಧಬ್. ಹಾಡು ಕನ್ನಡದ್ದೋ ತೆಲುಗಿನದೋ, ಹೊಸದೋ ಹಳೆಯದೋ, ಗಂಡು ದನಿಯೋ ಹೆಣ್ಣು ದನಿಯೋ, ಗಾಡಿ ದಾಟಿ ಹೋದ ಮೇಲೂ ತಿಳಿಯುವುದಿಲ್ಲ. ಹಿಂದೆ ಟೊಮೆಟೊ ಕ್ರೇಟು ಇರಲಿ, ಹಿಪ್ಪುನೇರಳೆ ಸೊಪ್ಪಿನ ಹೊರೆ ಇರಲಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟ ರೇಷ್ಮೆಗೂಡಿನ ಚೀಲ ಇರಲಿ, ಕ್ಯಾಬಿನ್ನಿನಿಂದ ಹೊರಬೀಳುವುದು ಮಾತ್ರ ಅದೇ ಒಂದು ಗುದ್ದು.

ಇದಕ್ಕೆ ಬೇಸ್ ಎಂದು ಹೆಸರು. ‘ಬೇಸ್ ಅಂದ್ರೆ ಎದೆ ನಡುಗ್ಬೇಕಣ್ಣ, ಗಾಡಿ ಬಂತು ಅಂತ ಊರಿಗೇ ಗೊತ್ತಾಗ್ಬೇಕು’ ಎಂಬ ನಂಬಿಕೆ ಚಿಕ್ಕಬಳ್ಳಾಪುರ ಜಿಲ್ಲೆಯ ಉದ್ದಗಲಕ್ಕೂ, ಗೌರಿಬಿದನೂರಿನಿಂದ ಚಿಂತಾಮಣಿಯವರೆಗೂ, ಪ್ರಶ್ನೆಯಿಲ್ಲದೆ ಚಲಾವಣೆಯಲ್ಲಿದೆ. ಇದನ್ನು ಒಪ್ಪಿಕೊಂಡವರು ಡ್ರೈವರುಗಳಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಸ್ಪೀಕರ್ ಡಬ್ಬ ಮಾರುವ ಅಂಗಡಿಯವನೂ ಒಪ್ಪಿದ್ದಾನೆ, ಅವನಿಗೆ ಲಾಭವಿದೆ. ವಿಚಿತ್ರವೆಂದರೆ, ಆ ಸದ್ದಿಗೆ ಮುಖ ಸಿಂಡರಿಸಿ ‘ಈ ಪಿಕಪ್‌ನವರ ಕಾಟ’ ಎಂದು ಗೊಣಗುವ ಸಭ್ಯರೂ ಒಪ್ಪಿದ್ದಾರೆ. ಅವರ ಲೆಕ್ಕದಲ್ಲೂ ಬೇಸ್ ಎಂದರೆ ಗದ್ದಲ. ಒಬ್ಬನಿಗೆ ಗದ್ದಲ ಬೇಕು, ಇನ್ನೊಬ್ಬನಿಗೆ ಬೇಡ, ವ್ಯತ್ಯಾಸ ಅಷ್ಟೇ. ಈ ಮೂವರೂ ಕೂಡಿ ಕಟ್ಟಿದ ಸುಳ್ಳಿಗೆ ದಂಡ ತೆರುತ್ತಿರುವವನು ಮಾತ್ರ ಒಬ್ಬನೇ. ರಾತ್ರಿ ಲೋಡು ಹೊತ್ತು, ಬೆಳಗಿನ ಹರಾಜಿಗೆ ಮಂಡಿ ಮುಟ್ಟಿಸಬೇಕಾದ ಡ್ರೈವರು.

ಮೊದಲನೆಯ ದೋಷಾರೋಪ ಇದು: ಈ ದೊಡ್ಡ ಡಬ್ಬಗಳು ಬೇಸನ್ನು ಕೊಡುವುದೇ ಇಲ್ಲ. ಬೇಸ್ ಎಂಬುದಕ್ಕೆ ಸ್ವರವಿದೆ, ನಡೆಯಿದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಿಡಿಯುತ್ತದೆ, ಅತಿ ಮೇಲಿನ ತಂತಿ 98 ಸಲ. ಇವುಗಳ ನಡುವೆ ಮೇಲೆ ಕೆಳಗೆ ಓಡಾಡುತ್ತ ಆ ವಾದ್ಯ ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ಹಾಡುತ್ತದೆ. ಶಂಕರ್‌ನಾಗ್ ನಿರ್ದೇಶಿಸಿದ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಸಂಗೀತವನ್ನು ಇಂದಿಗೂ ಈ ಸೀಮೆಯ ಗಾಡಿಗಳಲ್ಲಿ ಕೇಳಬಹುದು. ಅದರಲ್ಲಿ ಬೇಸ್ ಗಿಟಾರು ಹೆಜ್ಜೆ ಹೆಜ್ಜೆಗೂ ಬೇರೆ ಸ್ವರಕ್ಕೆ ಹೋಗುತ್ತದೆ. ಅಗ್ಗದ ಪ್ಲೈವುಡ್ಡಿಗೆ ತೂತು ಕೊರೆದು, ಅಳತೆಯಿಲ್ಲದೆ ಹೊಡೆದ 12 ಇಂಚಿನ ಊಫರ್ ಡಬ್ಬದಲ್ಲಿ ಅದೇ ಹಾಡು ಹಾಕಿ ನೋಡಿ. ಡಬ್ಬ ಯಾವ ಒಂದು ಕಂಪನಕ್ಕೆ ತಾನಾಗಿ ಝೇಂಕರಿಸುತ್ತದೋ ಅದೊಂದೇ ಸ್ವರ ಗುಡುಗುತ್ತದೆ, ಉಳಿದವು ಅದರಡಿ ಸತ್ತು ಬಿದ್ದಿರುತ್ತವೆ. ಇಳಯರಾಜ ಹತ್ತು ಸ್ವರ ಬರೆದರು, ಡಬ್ಬ ಒಂದನ್ನೇ ಹತ್ತು ಸಲ ಹೊಡೆಯಿತು. ಹಣ ಕೊಟ್ಟವನು ‘ಏನ್ ಬೇಸ್ ಗುರೂ’ ಎಂದ. ಇದನ್ನು ರುಚಿ ಎನ್ನುವುದೋ ಮೋಸ ಎನ್ನುವುದೋ?

ಎರಡನೆಯದು ವಾಟ್ ಎಂಬ ಮಾಯೆ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಆಟೊ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಎಲ್ಲ ಕಡೆಯೂ ಮಾರಾಟವಾಗುವುದು ಡಬ್ಬದ ಮೇಲೆ ಅಚ್ಚಾದ ಅಂಕಿ. 1000 ವಾಟ್, 2000 ವಾಟ್, ಕೆಲವದರಲ್ಲಿ ಇನ್ನೂ ಹೆಚ್ಚು. ಈ ಅಂಕಿಯನ್ನು ಪರೀಕ್ಷಿಸಲು ಎಂಜಿನಿಯರಿಂಗ್ ಓದಬೇಕಾಗಿಲ್ಲ, ಗುಣಾಕಾರ ಬಂದರೆ ಸಾಕು. ನಿಜವಾಗಿ 1000 ವಾಟ್ ಸ್ಪೀಕರಿಗೆ ಹೋಗಬೇಕಾದರೆ, ಆಂಪ್ಲಿಫೈಯರು ನೂರಕ್ಕೆ 80ರಷ್ಟು ಸಮರ್ಥವಾಗಿದ್ದರೂ, ಗಾಡಿಯಿಂದ 1250 ವಾಟ್ ಎಳೆಯಬೇಕು. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಭಾಗಿಸಿದರೆ ಹತ್ತಿರ ಹತ್ತಿರ 90 ಆಂಪಿಯರ್. ಈಗ ಅದೇ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ಫ್ಯೂಸ್ ನೋಡಿ. 20 ಎಂದು ಬರೆದಿದ್ದರೆ, 20ನ್ನು 14ರಿಂದ ಗುಣಿಸಿದರೆ 280. ಅದರಲ್ಲಿ ಶಾಖವಾಗಿ ಹೋಗುವುದನ್ನು ಕಳೆದರೆ ಸ್ಪೀಕರಿಗೆ ಒಂದೇ ಸಮನೆ ಸಿಗಬಹುದಾದದ್ದು 220ರ ಆಸುಪಾಸು. ಹಾಗಾದರೆ ಉಳಿದ 780 ವಾಟ್ ಎಲ್ಲಿಂದ ಬಂತು? ಅಚ್ಚುಕೂಟದಿಂದ.

ಡ್ಯಾಶ್‌ಬೋರ್ಡಿನ ಸೆಟ್ಟಿನ ಮೇಲೆ ಬರೆದ ‘4×50 ವಾಟ್’ ಕೂಡ ಇದೇ ಜಾತಿಯದು. ಗಾಡಿಯ 14 ಚಿಲ್ಲರೆ ವೋಲ್ಟಿನಲ್ಲಿ, 4 ಓಮಿನ ಸ್ಪೀಕರಿಗೆ, ಒಳಗೆ ಬೇರೆ ವೋಲ್ಟೇಜ್ ಏರಿಸುವ ಏರ್ಪಾಡಿಲ್ಲದ ಸೆಟ್ಟು ಶುದ್ಧವಾಗಿ ಕೊಡಬಲ್ಲದ್ದು 26 ವಾಟನ್ನು ದಾಟುವುದೇ ಸಾಧ್ಯವಿಲ್ಲ. ನಿಜದಲ್ಲಿ 15ರಿಂದ 20. ಒಳ್ಳೆಯ ಕಂಪನಿಗಳು ಕನಿಷ್ಠ ಎರಡೂ ಅಂಕಿಗಳನ್ನು ಅಚ್ಚು ಹಾಕುತ್ತವೆ. ಸೋನಿಯ ಎಕ್ಸ್‌ಎಸ್-ಎಡಬ್ಲ್ಯು8 ಎಂಬ, ಸೀಟಿನಡಿ ಸೇರುವ 8 ಇಂಚಿನ ಊಫರಿನ ವಿವರದಲ್ಲಿ ಗರಿಷ್ಠ 160 ವಾಟ್ ಎಂದೂ ಇದೆ, ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲದ್ದು, 75 ವಾಟ್ ಎಂದೂ ಇದೆ. ಕೆಲಸಕ್ಕೆ ಬರುವುದು ಎರಡನೆಯದು. ಆದರೆ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಕೂತ ಹೆಸರಿಲ್ಲದ ಡಬ್ಬ ‘ನಾನು 1500’ ಎಂದು ಎದೆ ಉಬ್ಬಿಸಿರುವಾಗ, ‘ನಾನು 75’ ಎಂದು ನಿಜ ಹೇಳುವುದನ್ನು ಕೊಳ್ಳುವವರಾರು?

ಹೋಗಲಿ, 750 ವಾಟ್ ನಿಜವಾಗಿಯೇ ಬಂತು ಎಂದಿಟ್ಟುಕೊಳ್ಳೋಣ. 75 ವಾಟಿಗೆ ಹೋಲಿಸಿದರೆ ಹತ್ತು ಪಟ್ಟು. ಕಿವಿಗೆ ಹತ್ತು ಪಟ್ಟು ಜೋರೇ? ಇಲ್ಲ. ಮನುಷ್ಯನ ಕಿವಿ ಹತ್ತು ಪಟ್ಟು ಶಕ್ತಿಯನ್ನು ಸುಮಾರು ಎರಡು ಪಟ್ಟು ಜೋರು ಎಂದಷ್ಟೇ ಗ್ರಹಿಸುತ್ತದೆ. ಎರಡು ಪಟ್ಟು ಸದ್ದಿಗಾಗಿ ಹತ್ತು ಪಟ್ಟು ಕರೆಂಟು, ದಪ್ಪ ಕೇಬಲ್ಲು, ಇನ್ನೊಂದು ಬ್ಯಾಟರಿ. ತಿಂಗಳ ಸಂಬಳದಲ್ಲಿ ಮನೆ ನಡೆಸುವವನಿಗೆ ಈ ವ್ಯಾಪಾರವನ್ನು ‘ಅಪ್‌ಗ್ರೇಡ್’ ಎಂದು ತಲೆಗೆ ಕಟ್ಟುವವರ ಧೈರ್ಯ ಮೆಚ್ಚಬೇಕು. ನಡುರಾತ್ರಿ ಮಂಡಿಯ ಮುಂದೆ ಎಂಜಿನ್ ಆರಿಸಿ, ಸರತಿ ಬರುವತನಕ ಹಾಡು ಕೇಳಿ, ಆಮೇಲೆ ಕೀ ತಿರುಗಿಸಿದರೆ ಬ್ಯಾಟರಿ ಕಟಕಟ ಎನ್ನುತ್ತದೆ. ಲೋಡು ಗಾಡಿಯನ್ನು ತಳ್ಳಲು ಹಮಾಲರನ್ನು ಕರೆಯಬೇಕು. ಆ ಹೊತ್ತಿನಲ್ಲಿ ಡಬ್ಬ ಮಾರಿದವನು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ.

ಇಷ್ಟಾಗಿಯೂ ಡ್ರೈವರುಗಳು ದೊಡ್ಡ ಡಬ್ಬವನ್ನೇ ಏಕೆ ಬಯಸುತ್ತಾರೆ? ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆ ಸುಲಭದ ಉತ್ತರವೇ ಇಲ್ಲಿನ ಅತಿ ದೊಡ್ಡ ಅನ್ಯಾಯ.

ಪಿಕಪ್ಪಿನ ಕ್ಯಾಬಿನ್ನಿನಲ್ಲಿ ಬೇಸ್ ನಿಜವಾಗಿಯೂ ಕೇಳುವುದಿಲ್ಲ. ಕಾರಣ ಸರಳ, ಆದರೆ ಅದನ್ನು ಯಾರೂ ಅವರಿಗೆ ಹೇಳಿಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಮೋಟರ್ಸ್ ‘ಏಸ್’ ಎಂಬ ಗಾಡಿಯನ್ನು ರಸ್ತೆಗಿಳಿಸಿತು. ಸುಮಾರು 700 ಸಿಸಿಯ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಜನ ‘ಚೋಟಾ ಹಾಥಿ’ ಎಂದು ಕರೆದರು. ಎತ್ತಿನಗಾಡಿಯೂ ದೊಡ್ಡ ಲಾರಿಯೂ ಹೊಂದದ ಸಣ್ಣ ಹಿಡುವಳಿಯ ಊರುಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಅದರ ಎಂಜಿನ್ ಇರುವುದು ಕೂತವರ ಸೀಟಿನ ಕೆಳಗೇ. ನಾಲ್ಕು ಸ್ಟ್ರೋಕಿನ ಎರಡು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಒಂದು ಸಲ ಸ್ಫೋಟಿಸುತ್ತದೆ. ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 40 ಸ್ಫೋಟ. ಬೇಸ್ ಗಿಟಾರಿನ ಕೆಳತಂತಿ 41 ಎಂದೆವಲ್ಲ, ಎಂಜಿನ್ ಕೂತಿರುವುದು ಸರಿಯಾಗಿ ಅದರ ಮೇಲೆ! ಅಶೋಕ್ ಲೇಲ್ಯಾಂಡಿನ ‘ದೋಸ್ತ್’ ಮೂರು ಸಿಲಿಂಡರಿನದು, ಅದೇ ವೇಗದಲ್ಲಿ 60. ಬೊಲೆರೊ ಪಿಕಪ್ ನಾಲ್ಕು ಸಿಲಿಂಡರಿನದು, 80. ಅಂದರೆ ಹಾಡಿನ ಬೇಸ್ ಎಲ್ಲೆಲ್ಲಿ ಓಡಾಡುತ್ತದೋ ಅಲ್ಲೆಲ್ಲ ಎಂಜಿನ್ ಮೊದಲೇ ಜಾಗ ಹಿಡಿದು ಕೂತಿದೆ. ಡ್ರೈವರಿಗೆ ಕೇಳುವುದು ಸಿಳ್ಳೆಯಂಥ ಮೇಲಿನ ದನಿ ಮಾತ್ರ. ಏನೋ ಕಮ್ಮಿಯಾಗಿದೆ ಎನ್ನಿಸಿ ವಾಲ್ಯೂಮ್ ಏರಿಸುತ್ತಾನೆ. ಏರಿಸಿದಷ್ಟೂ ಮೇಲಿನ ದನಿಯೇ ಕಿವಿ ಕೊರೆಯುತ್ತದೆ. ಇನ್ನೂ ಏರಿಸುತ್ತಾನೆ, ಸೆಟ್ಟಿನ ಶಕ್ತಿ ಮುಗಿದು ದನಿ ಒಡೆಯುತ್ತದೆ. ಆಗ ಅಂಗಡಿಗೆ ಹೋಗುತ್ತಾನೆ, ಅಂಗಡಿಯವನು ದೊಡ್ಡ ಡಬ್ಬ ತೋರಿಸುತ್ತಾನೆ.

ಈ ವಾಲ್ಯೂಮಿನ ಬೆಲೆ ಕಿವಿ ಕೊಡುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಕೆಲಸಗಾರರಿಗೆ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬೆಲ್ ಏರಿದರೆ ಅವಧಿ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಮುಟ್ಟಿದರೆ 15 ನಿಮಿಷ. ರಾತ್ರಿಯೆಲ್ಲ ಸ್ಟೀರಿಂಗ್ ಹಿಡಿಯುವವನ ದುಡಿಮೆ 15 ನಿಮಿಷಕ್ಕೆ ಮುಗಿಯುವುದೇ? ಎಂಜಿನ್ನಿನ ಮೊರೆತವನ್ನು ಹಾಡಿನಿಂದ ಗೆಲ್ಲಲು ಹೊರಟವನು ಎರಡನ್ನೂ ಒಟ್ಟಿಗೆ ಕಿವಿಗೆ ಸುರಿದುಕೊಳ್ಳುತ್ತಾನೆ. ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ನು, ಓವರ್‌ಟೇಕ್ ಮಾಡುವ ಬಸ್ಸಿನ ಹಾರ್ನು, ಸಡಿಲಾದ ಹಗ್ಗ ಬಡಿಯುವ ಸದ್ದು, ಇವೆಲ್ಲ ಅದರಡಿ ಮುಳುಗುತ್ತವೆ. ಲೋಡು ಗಾಡಿ ಓಡಿಸುವವನ ಅರ್ಧ ಕೆಲಸ ನಡೆಯುವುದೇ ಕಿವಿಯಿಂದ. ಬೇರಿಂಗು ಕೂಗುವುದು, ಬೆಲ್ಟು ಜಾರುವುದು, ಟೈರು ಸೀಳುವುದು ಮೀಟರಿನಲ್ಲಿ ಕಾಣುವುದಿಲ್ಲ.

ಇಲ್ಲಿಯೇ ಈ ಇಡೀ ನಂಬಿಕೆ ತಲೆಕೆಳಗಾಗಿ ನಿಂತಿರುವುದು ಕಾಣುತ್ತದೆ. ಬೇಸ್ ಹಾಕಿಸುವುದು ಸದ್ದು ಏರಿಸಲಿಕ್ಕೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಸದ್ದು ಇಳಿಸಲಿಕ್ಕೆ ಬೇಸ್ ಬೇಕು. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಜನರ ಕಿವಿಯನ್ನು ಪರೀಕ್ಷಿಸಿ ತೋರಿಸಿದ ಸಂಗತಿ ಇದು: ಸದ್ದು ಮೆಲ್ಲಗಾದಂತೆ ಮನುಷ್ಯನಿಗೆ ಮೊದಲು ಕೈಬಿಟ್ಟು ಹೋಗುವುದು ಕೆಳದನಿ. ಮಾತಿನ ದನಿ ಚೆನ್ನಾಗಿ ಕೇಳುವ ವಾಲ್ಯೂಮಿನಲ್ಲೂ 50 ಹರ್ಟ್ಸಿನ, ಅಂದರೆ ಸೆಕೆಂಡಿಗೆ 50 ಸಲ ಮಿಡಿಯುವ, ಬೇಸ್ ಕೇಳದೆ ಹೋಗಬಹುದು. ಹಳೆಯ ಕ್ಯಾಸೆಟ್ ಡೆಕ್ಕುಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿದ್ದುದು ಈ ಕಾರಣಕ್ಕೇ, ಕಡಿಮೆ ವಾಲ್ಯೂಮಿನಲ್ಲಿ ಬೇಸನ್ನು ಎತ್ತಿಕೊಡಲು. ಗುಂಡಿಯ ಹೆಸರು ನೋಡಿದವರು ಜೋರು ಮಾಡುವ ಗುಂಡಿ ಎಂದುಕೊಂಡು ಫುಲ್ ವಾಲ್ಯೂಮಿನಲ್ಲಿ ಒತ್ತಿದರು, ಅದು ಬೇರೆ ಕಥೆ. ಕೆಳಭಾಗವನ್ನು ಅಳತೆಯಾಗಿ ತುಂಬಿಕೊಟ್ಟರೆ ಹಾಡು ಇಡಿಯಾಗಿ ಕೇಳುತ್ತದೆ. ಇಡಿಯಾಗಿ ಕೇಳಿದ ಹಾಡನ್ನು ಜೋರು ಮಾಡುವ ಚಪಲ ಕೈಗೆ ಬರುವುದಿಲ್ಲ. ಡ್ರೈವರಿಗೆ ಬೇಕಾದದ್ದು ಇದು, ಅವನಿಗೆ ಮಾರುತ್ತಿರುವುದು ಇದರ ತದ್ವಿರುದ್ಧ.

‘ಸಣ್ಣ ಕ್ಯಾಬಿನ್, ಅದರಲ್ಲಿ ಬೇಸ್ ಬರಲ್ಲ, ದೊಡ್ಡದೇ ಹಾಕ್ಬೇಕು’ ಎಂಬುದು ಅಂಗಡಿಗಳಲ್ಲಿ ಇನ್ನೊಂದು ಮಂತ್ರ. ಇದು ಶುದ್ಧ ಅಜ್ಞಾನ. 50 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಅಷ್ಟು ಉದ್ದದ ಅಲೆಗೆ ಒಂದೂವರೆ ಮೀಟರಿನ ಕ್ಯಾಬಿನ್ನಿನಲ್ಲಿ ಓಡಾಡಲು ಜಾಗವಿಲ್ಲ. ಅದು ಇಡೀ ಕ್ಯಾಬಿನ್ನಿನ ಗಾಳಿಯನ್ನೇ ಒಟ್ಟಾಗಿ ಒತ್ತಿ ಸಡಿಲಿಸುತ್ತದೆ. ಹಾಗಾಗಿ ಗಾಜು ಏರಿಸಿದ ಸಣ್ಣ ಕ್ಯಾಬಿನ್ನಿನಲ್ಲಿ, ಸುಮಾರು 100 ಹರ್ಟ್ಸಿನಿಂದ ಕೆಳಕ್ಕೆ ಹೋದಂತೆಲ್ಲ, ಬೇಸ್ ತಾನಾಗಿ ಬಲಗೊಳ್ಳುತ್ತದೆ. ಮದುವೆ ಮಂಟಪವನ್ನು ಅಲುಗಿಸಲು ಆಳೆತ್ತರದ ಡಬ್ಬ ಬೇಕು. ಇಬ್ಬರು ಕೂರುವ ಕ್ಯಾಬಿನ್ನಿಗೆ 8 ಇಂಚು ಧಾರಾಳ, ಕೆಲವರಿಗೆ ಆರೂವರೆಯೇ ಸಾಕು. ಸಣ್ಣ ಗಾಡಿಗೆ ಪ್ರಕೃತಿ ಪುಕ್ಕಟೆಯಾಗಿ ಕೊಟ್ಟ ವರವನ್ನೇ ದೋಷವೆಂದು ತೋರಿಸಿ ಹಣ ಕೀಳುವುದೆಂದರೆ ಇನ್ನೇನು?

ಇನ್ನು ಸಭ್ಯರ ಸರದಿ.

ಪಿಕಪ್ಪಿನ ಸದ್ದಿಗೆ ಶಾಪ ಹಾಕುವ ಕಾರಿನವರು ತಮ್ಮ ಕಾರಿನ ಬಾಗಿಲನ್ನೊಮ್ಮೆ ತಟ್ಟಿ ನೋಡಲಿ. ಒಳಗೆ ರಬ್ಬರಿನ ಪಟ್ಟಿ, ಸದ್ದು ತಡೆಯುವ ಹಾಸು, ಕೊಳ್ಳುವಾಗಲೇ ಕೂರಿಸಿ ಕೊಟ್ಟ ಸ್ಪೀಕರುಗಳು, ಬೆಲೆಯೇರಿದ ಮಾದರಿಗಳಲ್ಲಿ ಡಿಕ್ಕಿಯೊಳಗೊಂದು ಊಫರು. ಅವರು ಮೆಲ್ಲಗೆ ಕೇಳಬಲ್ಲರು, ಏಕೆಂದರೆ ಮೆಲ್ಲಗೆ ಕೇಳುವ ಅನುಕೂಲವನ್ನು ಅವರಿಗೆ ಕಾರ್ಖಾನೆಯಲ್ಲೇ ಕಟ್ಟಿಕೊಟ್ಟಿದ್ದಾರೆ. ಪಿಕಪ್ಪಿನ ಬಾಗಿಲಿಗೆ ಬರೀ ತಗಡು. ನೆಲದ ಮೇಲೆ ತೆಳ್ಳನೆಯ ರಬ್ಬರು. ದಿನಕ್ಕೆ ಒಂದು ಗಂಟೆ ಕೂರುವ ಕಾರಿಗೆ ಇಷ್ಟು ಉಪಚಾರ, ಹಗಲೂ ರಾತ್ರಿ ಕೂರುವ ಗಾಡಿಗೆ ತಗಡು. ‘ಡ್ರೈವರಿಗೇಕೆ ಹಾಡು, ರೋಡು ನೋಡಿಕೊಂಡು ಓಡಿಸಲಿ’ ಎನ್ನುವ ಮಾಲೀಕರೂ ಇದ್ದಾರೆ. ಇವರ ಮನೆಯ ಟೀವಿಗೆ ಸೌಂಡ್‌ಬಾರು ಇದೆಯೇ ಇಲ್ಲವೇ ಎಂದು ಯಾರಾದರೂ ವಿಚಾರಿಸಬೇಕು.

ಸರ್ಕಾರದ ಕಣ್ಣೂ ಹೀಗೆಯೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏರ್ ಕಂಡಿಷನ್ ಕಡ್ಡಾಯ ಎಂದು ಕೇಂದ್ರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಒಳ್ಳೆಯದೇ. ಆದರೆ ನಿಯಮ ಅನ್ವಯಿಸುವುದು ಎನ್2, ಎನ್3 ವರ್ಗಕ್ಕೆ, ಅಂದರೆ ಲೋಡೂ ಸೇರಿ ಒಟ್ಟು ತೂಕ ಮೂರೂವರೆ ಟನ್ ಮೀರಿದ ಗಾಡಿಗಳಿಗೆ. ಏಸ್, ದೋಸ್ತ್‌ಗಳಂಥ ಸಣ್ಣ ಪಿಕಪ್ಪುಗಳು ಅದರ ಕೆಳಗೆ ಉಳಿದವು. ಸಣ್ಣ ಗಾಡಿಯ ಡ್ರೈವರಿಗೆ ಸೆಖೆಯೂ ಸಣ್ಣದೇ ಆಗುತ್ತದೆಯೇ? ಬೇಸಗೆಯ ಹಗಲಿನಲ್ಲಿ ಅವನು ಗಾಜು ಇಳಿಸಲೇಬೇಕು. ಗಾಜು ಇಳಿಸಿದೊಡನೆ ಕ್ಯಾಬಿನ್ನು ಕೊಡುತ್ತಿದ್ದ ಬೇಸಿನ ಬಲ ಹೊರಗೆ ಹೋಗುತ್ತದೆ, ರಸ್ತೆಯ ಸದ್ದು ಒಳಗೆ ಬರುತ್ತದೆ, ಕೈ ಮತ್ತೆ ವಾಲ್ಯೂಮಿಗೆ ಹೋಗುತ್ತದೆ. ಊರಿಗೆ ಕೇಳುವ ಗದ್ದಲದಲ್ಲಿ ಒಂದು ಪಾಲು ಹೀಗೆ ಅಧಿಸೂಚನೆಯಲ್ಲೇ ಬರೆದದ್ದು.

ಶಬ್ದಮಾಲಿನ್ಯದ ಕಾನೂನು ಇಲ್ಲವೇ ಎಂದರೆ ಇದೆ. 2000ನೇ ಇಸವಿಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಆದರೆ ಆ ಡೆಸಿಬೆಲ್ಲನ್ನು ಅಳೆಯುವುದು ‘ಎ’ ತೂಕದ ಮಾಪಕದಲ್ಲಿ. ಅದು ಕೆಳದನಿಯನ್ನು ಬೇಕೆಂದೇ ಕಡೆಗಣಿಸುತ್ತದೆ. 63 ಹರ್ಟ್ಸಿನ ಗುದ್ದನ್ನು ಇದ್ದುದಕ್ಕಿಂತ 26 ಡೆಸಿಬೆಲ್ ಕಡಿಮೆಯೆಂದು ಬರೆದುಕೊಳ್ಳುತ್ತದೆ. ಗೋಡೆ ದಾಟಿ ಒಳಗೆ ಮಲಗಿದ ಬಾಣಂತಿಯನ್ನು ಎಬ್ಬಿಸುವುದು ಯಾವ ಸದ್ದೋ ಆ ಸದ್ದಿಗೇ ಮೀಟರು ಅರೆಕುರುಡು. ಗಣೇಶನ ಹಬ್ಬ ಬಂದಾಗ ಪೊಲೀಸರು ಡಿಜೆ ನಿಷೇಧ ಎನ್ನುತ್ತಾರೆ, ಹಬ್ಬ ಮುಗಿದ ಮೇಲೆ ಅದೇ ಡಬ್ಬಗಳ ತಮ್ಮಂದಿರು ಪಿಕಪ್ಪುಗಳೊಳಗೆ ಬಾಡಿಗೆ ಓಡುತ್ತಿರುತ್ತಾರೆ. ಯಾರಿಗೂ ಚಿಂತೆಯಿಲ್ಲ.

ಹಾಗಾದರೆ ಅಳತೆಯ ಬೇಸ್ ಎಂದರೇನು, ಎಷ್ಟಕ್ಕೆ ಬರುತ್ತದೆ? ಅಂಗಡಿಯವರು ಹೇಳದ ಸಂಗತಿಯೆಂದರೆ, ಅರ್ಧ ಕೆಲಸಕ್ಕೆ ಊಫರೇ ಬೇಕಾಗಿಲ್ಲ. ಮೊದಲನೆಯದು ವೈರು. ಅನೇಕ ಗಾಡಿಗಳಲ್ಲಿ ಎರಡು ಸ್ಪೀಕರುಗಳ ಪೈಕಿ ಒಂದರ ವೈರು ಅದಲುಬದಲಾಗಿರುತ್ತದೆ. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಬೇಸ್ ಪರಸ್ಪರ ಕೊಂದುಕೊಳ್ಳುತ್ತದೆ. ಇದನ್ನು ಪತ್ತೆಹಚ್ಚಲು ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ವೈರಿಗೆ ಕ್ಷಣ ಮುಟ್ಟಿಸಿದರೆ ಸಾಕು. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ಸೇರಿದಾಗ ಕಾಗದದ ಕೋನು ಮುಂದಕ್ಕೆ ಜಿಗಿಯುತ್ತದೆ. ಎರಡೂ ಒಂದೇ ರೀತಿ ಜಿಗಿಯದಿದ್ದರೆ ಒಂದರ ವೈರು ತಿರುಗಿಸಿ. ಖರ್ಚು ಸೊನ್ನೆ. ಎಷ್ಟೋ ಜನ ಈ ಸೊನ್ನೆ ರೂಪಾಯಿಯ ದೋಷಕ್ಕೆ ಹತ್ತಾರು ಸಾವಿರದ ಡಬ್ಬ ಕೊಂಡಿರುತ್ತಾರೆ.

ಎರಡನೆಯದು ಬಾಗಿಲು. ಸ್ಪೀಕರಿನ ಬೆನ್ನಿನಿಂದ ಹೊರಡುವ ಅಲೆ ಮುಂಬದಿಯ ಅಲೆಗೆ ಎದುರು. ಎರಡೂ ಸೇರಿದರೆ ಬೇಸ್ ಉಳಿಯುವುದಿಲ್ಲ. ಬಾಗಿಲ ಒಳತಗಡಿನ ತೂತುಗಳು ಈ ಎರಡನ್ನೂ ಸೇರಿಸಿಬಿಡುತ್ತವೆ. ಕೆಲವು ಗಾಡಿಗಳಲ್ಲಂತೂ ಸ್ಪೀಕರನ್ನು ಡಬ್ಬವೇ ಇಲ್ಲದೆ ಮೇಲೆ ಕ್ಲಾಂಪು ಹಾಕಿ ತೂಗಿಸಿರುತ್ತಾರೆ. ತೂತುಗಳನ್ನು ಡ್ಯಾಂಪಿಂಗ್ ಶೀಟಿನಿಂದ ಮುಚ್ಚಿ, ತಗಡಿಗೂ ಒಂದಷ್ಟು ಅಂಟಿಸಿ, ಸ್ಪೀಕರು ಕೂರುವ ಜಾಗಕ್ಕೆ ಗಟ್ಟಿ ಪ್ಲೈವುಡ್ ಬಳೆ ಕೊಟ್ಟು, ಒಳ್ಳೆಯ ಆರೂವರೆ ಇಂಚಿನ ಒಂದು ಜೊತೆ ಕೂರಿಸಿದರೆ ಅದೇ ಸೆಟ್ಟು ಬೇರೆ ಸೆಟ್ಟಿನಂತೆ ಹಾಡುತ್ತದೆ. ಅದೇ ಶೀಟನ್ನು ನೆಲಕ್ಕೂ ಹಾಸಿದರೆ ತಗಡಿನ ಗಡಗಡ ಇಳಿಯುತ್ತದೆ. ವಾಲ್ಯೂಮ್ ಏರಿಸಿ ಗೆಲ್ಲಲಾಗದ ಯುದ್ಧದಲ್ಲಿ ಶತ್ರುವಿನ ದನಿಯನ್ನೇ ತಗ್ಗಿಸುವ ಉಪಾಯ ಇದು.

ಇಷ್ಟರ ಮೇಲೂ ಬೇಕೆನಿಸಿದರೆ ಆಂಪ್ಲಿಫೈಯರು ಒಳಗೇ ಇರುವ, ಸೀಟಿನ ಕೆಳಗೋ ಹಿಂದೋ ಸೇರುವ 8 ಇಂಚಿನ ಚಪ್ಪಟೆ ಊಫರು. ಬೊಲೆರೊ ಪಿಕಪ್ಪಿನ ಎಂಜಿನ್ ಮುಂದಿರುವುದರಿಂದ ಸೀಟಿನ ಆಸುಪಾಸು ಜಾಗ ಹುಡುಕಬಹುದು. ಏಸ್‌ನಲ್ಲಿ ಸೀಟಿನಡಿ ಎಂಜಿನ್ನಿನ ಕಾವು ಇರುವುದರಿಂದ ಅಲ್ಲಿ ಇಡಲೇಬಾರದು, ಪಕ್ಕದವರ ಕಾಲಬುಡದಲ್ಲಿ ನಿಲ್ಲಿಸಿ ಬಿಗಿಯಬೇಕು. ಹತ್ತು ಸಾವಿರದ ಆಚೀಚೆ ಮುಗಿಯುವ ಕೆಲಸ. ಇಲ್ಲಿ ಒಂದೇ ಒಂದು ವಿಷಯದಲ್ಲಿ ಜಿಪುಣತನ ಸಲ್ಲದು. ಹೆಡ್‌ಲೈಟಿನ ವೈರಿನಿಂದ ಕದ್ದು ಕರೆಂಟು ಕೊಡುವ ಚಾಳಿ ನಿಲ್ಲಬೇಕು. ಬ್ಯಾಟರಿಯಿಂದ ನೇರವಾಗಿ ವೈರು ಎಳೆದು, ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಹಾಕಬೇಕು. ತಾಮ್ರ ಲೇಪಿಸಿದ ಅಲ್ಯುಮಿನಿಯಂ ವೈರನ್ನು ತಾಮ್ರವೆಂದು ಮಾರುವವರಿದ್ದಾರೆ. ಅಲ್ಯುಮಿನಿಯಂನ ವಾಹಕತೆ ತಾಮ್ರದ ನೂರಕ್ಕೆ ಸುಮಾರು 60ರಷ್ಟೇ, ಹಾಗಾಗಿ ಅದೇ ದಪ್ಪದ ವೈರಿನಲ್ಲಿ ಅಷ್ಟೇ ಕರೆಂಟು ಹರಿದರೂ ಅದು ಹೆಚ್ಚು ಬಿಸಿಯಾಗುತ್ತದೆ. ಹಗ್ಗ, ಟಾರ್ಪಾಲು, ಒಣ ಹುಲ್ಲು ಹೊರುವ ಗಾಡಿಯಲ್ಲಿ ಬಿಸಿಯಾದ ವೈರೆಂದರೆ ಏನು ಎಂದು ವಿವರಿಸಬೇಕಾಗಿಲ್ಲ.

ಇಷ್ಟು ಸರಳವಾದದ್ದನ್ನು ಇಪ್ಪತ್ತು ವರ್ಷಗಳಿಂದ ಯಾರೂ ಡ್ರೈವರುಗಳಿಗೆ ಹೇಳಿಲ್ಲವೆಂದರೆ, ಹೇಳದಿರುವುದರಲ್ಲಿ ಎಷ್ಟು ಜನರ ಲಾಭವಿರಬೇಕು! ಇದು ಬದಲಾಗಲೇಬೇಕು, ಬದಲಾಯಿಸಬೇಕಾದವರ ವಿಳಾಸವೂ ಗೊತ್ತಿದೆ. ಟಾಟಾ, ಮಹೀಂದ್ರ, ಅಶೋಕ್ ಲೇಲ್ಯಾಂಡ್ ಕಂಪನಿಗಳು ಮುಂದಿನ ಮಾದರಿಯ ಬಾಗಿಲಿಗೆ ಮುಚ್ಚಿದ ಸ್ಪೀಕರು ಗೂಡು, ನೆಲಕ್ಕೆ ಸದ್ದು ತಡೆಯುವ ಹಾಸು ಕೊಡಲಿ. ಸಾರಿಗೆ ಸಚಿವಾಲಯ ಮೂರೂವರೆ ಟನ್ನಿನ ಗೆರೆಯನ್ನು ಅಳಿಸಿ ಸಣ್ಣ ಗಾಡಿಯ ಕ್ಯಾಬಿನ್ನನ್ನೂ ಮನುಷ್ಯರು ಕೂರುವ ಜಾಗವೆಂದು ಲೆಕ್ಕಕ್ಕೆ ಹಿಡಿಯಲಿ. ಶಬ್ದ ನಿಯಮ ಕೆಳದನಿಯನ್ನೂ ಎಣಿಸುವ ‘ಸಿ’ ತೂಕದ ಅಳತೆಯನ್ನು ಸೇರಿಸಿಕೊಳ್ಳಲಿ. ಐಟಿಐಗಳಲ್ಲಿ ಆಟೊ ಎಲೆಕ್ಟ್ರಿಷಿಯನ್ ಕಲಿಯುವ ಹುಡುಗರಿಗೆ ಫ್ಯೂಸಿನ ಅಂಕಿಯಿಂದ ವಾಟ್ ಲೆಕ್ಕ ಹಾಕುವ ಪಾಠ ಮೊದಲ ತಿಂಗಳಲ್ಲೇ ಆಗಲಿ. ಗಾಡಿಗೆ ಹೊಸ ಟೈರು ಹಾಕಿಸುವ ಮಾಲೀಕರು ಡ್ರೈವರ ಕಿವಿಯನ್ನೂ ಗಾಡಿಯ ಖರ್ಚಿನಲ್ಲಿ ಬರೆಯಲಿ.

ಇವರಾರಿಗೂ ಕಾಯದೆ ಡ್ರೈವರುಗಳು ನಾಳೆಯೇ ಮಾಡಬಹುದಾದದ್ದು ಬೇರೆ ಇದೆ. ಶಿಡ್ಲಘಟ್ಟದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಅಂಗಡಿಯವನು ಶೋಕೇಸಿನ ಮುಂದೆ ನಿಲ್ಲಿಸಿ ಡಬ್ಬವನ್ನು ಗುಡುಗಿಸಿದಾಗ ತಲೆದೂಗಬೇಡಿ. ‘ಅಣ್ಣ, ನನ್ನ ಗಾಡಿಯಲ್ಲಿ, ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಪಕ್ಕದಲ್ಲಿ ಕೂತವನ ಮಾತು ಕೇಳುವಷ್ಟು ವಾಲ್ಯೂಮಿನಲ್ಲಿ ಕೇಳಿಸು’ ಎನ್ನಿ. ಕೇಳಿಸಲು ಒಪ್ಪದವನ ಅಂಗಡಿಯಿಂದ ಇಳಿದು ಬನ್ನಿ. ಒಪ್ಪಿದರೆ, ಬಿಲ್ಲಿನ ಮೇಲೆ ಆರ್‌ಎಂಎಸ್ ವಾಟ್ ಎಷ್ಟು, ಫ್ಯೂಸ್ ಎಷ್ಟು, ವೈರು ಯಾವುದರದು ಎಂದು ಅವನ ಕೈಯಲ್ಲೇ ಬರೆಸಿಕೊಂಡು ಸಹಿ ಹಾಕಿಸಿ. ಆಮೇಲೆ ದುಡ್ಡು ಕೊಡಿ.